ಡಿಸ್ಕ್‌ನಲ್ಲಿ ಜಾಗವಿದೆ, /ಟಿಎಂಪಿಯಲ್ಲಿ ಇಲ್ಲ: ಸಕ್ಕರೆ ಕಾರ್ಖಾನೆಯ ಸರ್ವರ್ ಕುರಿತ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗದ ಹೊಣೆ ನನ್ನದು. ವೇಬ್ರಿಡ್ಜ್‌ನ ತೂಕದ ಚೀಟಿ, ರೈತರ ಕಬ್ಬಿನ ಬಿಲ್, ಕಟಾವು ಮತ್ತು ಸಾಗಾಣಿಕೆ ಗುತ್ತಿಗೆದಾರರ ಲೆಕ್ಕ ಎಲ್ಲವೂ ಒಂದೇ ಸರ್ವರ್‌ನಲ್ಲಿವೆ. ಅದಕ್ಕೆ 16 ಜಿಬಿ ಮೆಮೊರಿ, 2 ಜಿಬಿ ಸ್ವಾಪ್ (ಮೆಮೊರಿ ಸಾಲದಾದಾಗ ಬಳಸುವ ಡಿಸ್ಕ್‌ನ ಜಾಗ) ಇದೆ. ಡಿಸ್ಕ್‌ನಲ್ಲಿ 400 ಜಿಬಿಗೂ ಹೆಚ್ಚು ಖಾಲಿ ಇದೆ. ಹಂಗಾಮು ಮುಗಿದ ಬಿಡುವಿನಲ್ಲಿ ಡೆಬಿಯನ್ ಲಿನಕ್ಸನ್ನು 12ನೇ ಆವೃತ್ತಿಯಿಂದ 13ಕ್ಕೆ ಏರಿಸಿದೆವು. ಹೊಸ ಹಂಗಾಮು ಶುರುವಾದಾಗಿನಿಂದ, ಹದಿನೈದು ದಿನಕ್ಕೊಮ್ಮೆ ರಾತ್ರಿ ಓಡುವ ಬಿಲ್ ವರದಿ ‘ಡಿವೈಸ್‌ನಲ್ಲಿ ಜಾಗ ಉಳಿದಿಲ್ಲ’ ಎಂದು ಅರ್ಧಕ್ಕೇ ನಿಲ್ಲುತ್ತಿದೆ. ಒಂದು ರಾತ್ರಿ ಪೋಸ್ಟ್‌ಗ್ರೆಸ್ ಡೇಟಾಬೇಸನ್ನೇ ಕರ್ನಲ್ (ಲಿನಕ್ಸ್‌ನ ತಿರುಳು) ಕೊಂದುಹಾಕಿತು. ಇನ್ನೊಮ್ಮೆ ಕರೆಂಟ್ ಹೋಗಿ ಬಂದಾಗ ತಾತ್ಕಾಲಿಕ ಕಡತಗಳ ಡೈರೆಕ್ಟರಿಯಾದ /ಟಿಎಂಪಿಯಲ್ಲಿಟ್ಟಿದ್ದ ಆ ದಿನದ ತೂಕದ ಕಡತಗಳೇ ಇರಲಿಲ್ಲ. /ಟಿಎಂಪಿಯ ಮಿತಿಯನ್ನು 12 ಜಿಬಿಗೆ ಏರಿಸಲೇ? ಅಥವಾ /ಟಿಎಂಪಿಯನ್ನು ಮೆಮೊರಿಯಲ್ಲಿಡುವ ಈ ಹೊಸ ವ್ಯವಸ್ಥೆಯನ್ನೇ ತೆಗೆದುಹಾಕಲೇ?

ಉತ್ತರ: ಎರಡೂ ಬೇಡ. ಮಿತಿಯನ್ನು ಏರಿಸುವುದಿರಲಿ, 2 ಜಿಬಿಗೆ ಇಳಿಸಿ. ಬಿಲ್ ವರದಿಯ ತಾತ್ಕಾಲಿಕ ಕಡತಗಳನ್ನೂ ತೂಕದ ಕಡತಗಳನ್ನೂ ಡಿಸ್ಕ್‌ಗೆ ಕಳಿಸಿ. ಕಬ್ಬು ಪೂರೈಸಿದ 14 ದಿನಗಳೊಳಗೆ ರೈತರಿಗೆ ಹಣ ಸಂದಾಯವಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಹಾಗಾಗಿ ಮೊದಲು ಬಿಲ್ ಹೊರಬೀಳುವ ದಾರಿ ಹೇಳಿ, ಆಮೇಲೆ ಕಾರಣಕ್ಕೆ ಬರುತ್ತೇನೆ. ಆದೇಶಗಳನ್ನೂ ಹೆಸರುಗಳನ್ನೂ ಓದುವ ಹಾಗೆ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಅವುಗಳ ಮೂಲರೂಪ ನಿಮಗೆ ಗೊತ್ತೇ ಇರುತ್ತದೆ.

ಡಿಸ್ಕ್‌ನಲ್ಲಿ /ವಾರ್/ಟಿಎಂಪಿಯ ಒಳಗೆ ‘ಬಿಲ್’ ಎಂಬ ಒಂದು ಡೈರೆಕ್ಟರಿ ಮಾಡಿ. ವರದಿ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆಯೋ ಅವನಿಗೆ ಅದರ ಒಡೆತನ ಕೊಡಿ. ವರದಿಯ ಸ್ಕ್ರಿಪ್ಟ್‌ನ ಮೊದಲಲ್ಲೇ ಟಿಎಂಪಿಡಿಐಆರ್ ಎಂಬ ಪರಿಸರ ಚರಾಂಶಕ್ಕೆ ಈ ಡೈರೆಕ್ಟರಿಯ ದಾರಿಯನ್ನು ಕೊಟ್ಟು ಎಕ್ಸ್‌ಪೋರ್ಟ್ ಮಾಡಿ. ಸಾರ್ಟ್ ಆದೇಶವನ್ನು ನೇರವಾಗಿ ಬಳಸಿದ್ದರೆ ಅದಕ್ಕೆ ದೊಡ್ಡ ಅಕ್ಷರದ ‘-ಟಿ’ ಆಯ್ಕೆಯಲ್ಲಿ ಅದೇ ದಾರಿಯನ್ನು ಕೊಟ್ಟರೂ ಸಾಕು. ಸರ್ವರ್ ರೀಬೂಟ್ ಮಾಡಬೇಕಾಗಿಲ್ಲ. ಮುಂದಿನ ಬಿಲ್ ಸರಾಗವಾಗಿ ಬರುತ್ತದೆ.

ಈಗ ಕಾರಣ. ಡೆಬಿಯನ್ 12ರವರೆಗೆ ನಿಮ್ಮ /ಟಿಎಂಪಿ ಡಿಸ್ಕ್‌ನ ಮೇಲಿನ ಸಾಮಾನ್ಯ ಡೈರೆಕ್ಟರಿಯಾಗಿತ್ತು. 13ರಲ್ಲಿ ಅದು ಪೂರ್ವನಿಯೋಜಿತವಾಗಿ ಟಿಎಂಪಿಎಫ್‌ಎಸ್, ಅಂದರೆ ಮೆಮೊರಿಯಲ್ಲಿ ಕೂರುವ ಕಡತ ವ್ಯವಸ್ಥೆ. ಹಳೆಯ ಆವೃತ್ತಿಯಿಂದ ಏರಿಸಿದ ಯಂತ್ರಗಳಿಗೂ ಮೊದಲ ರೀಬೂಟ್ ಆದ ಮೇಲೆ ಇದೇ ಅನ್ವಯ. ಪ್ರತ್ಯೇಕ /ಟಿಎಂಪಿ ವಿಭಾಗವನ್ನು ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆದಿಟ್ಟವರಿಗೆ ಮಾತ್ರ ಬಿಸಿ ತಟ್ಟುವುದಿಲ್ಲ. ಡೆಬಿಯನ್ ಇದನ್ನು ಬಿಡುಗಡೆ ಟಿಪ್ಪಣಿಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ. ಅದನ್ನು ಓದಿ ಮುಗಿಸುವ ತಾಳ್ಮೆ ನಮ್ಮಲ್ಲಿ ಯಾರಿಗಿದೆ ಎಂಬುದು ಬೇರೆ ಮಾತು.

ಹಾಗೆಂದು ಇದು ನಿನ್ನೆ ಮೊನ್ನೆಯ ಪ್ರಯೋಗವೇನಲ್ಲ. ಬರ್ಕ್ಲಿಯ ಬಿಎಸ್‌ಡಿಯಲ್ಲಿ ಎಂಎಫ್‌ಎಸ್, ಸನ್ ಕಂಪನಿಯ ಯೂನಿಕ್ಸ್‌ನಲ್ಲಿ ಟಿಎಂಪಿಎಫ್‌ಎಸ್ ಎಂಬ ಹೆಸರಿನಲ್ಲಿ 1990ರ ಹೊತ್ತಿಗೇ ಇಂಥವು ಇದ್ದವು. ಸೋಲಾರಿಸ್‌ನಲ್ಲಿ /ಟಿಎಂಪಿ ಬಹುಕಾಲದಿಂದ ಹೀಗೆಯೇ ಇದೆ. ಲಿನಕ್ಸ್‌ಗೆ ಇದು 2001ರ ಜನವರಿಯಲ್ಲಿ ಬಂದ 2.4 ಕರ್ನಲ್‌ನೊಂದಿಗೆ ಬಂತು. ಫೆಡೋರಾ 18 ತನ್ನ /ಟಿಎಂಪಿಯನ್ನು 2013ರಲ್ಲೇ ಮೆಮೊರಿಗೆ ಸಾಗಿಸಿತು. ಅಂದಿನಿಂದ ಇಂದಿನವರೆಗೂ ಆಡಳಿತಗಾರರು ಎಡವುವುದು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ: ಅದರ ಮಿತಿಯನ್ನು ಕಾಯ್ದಿರಿಸಿದ ಜಾಗವೆಂದು ತಿಳಿಯುವುದು.

ನಿಮ್ಮ ಸರ್ವರ್‌ನಲ್ಲಿ ಜಾಗದ ಲೆಕ್ಕ ಕೊಡುವ ಡಿಎಫ್ ಆದೇಶ ಓಡಿಸಿದರೆ /ಟಿಎಂಪಿಗೆ 8 ಜಿಬಿ, /ಡೆವ್/ಎಸ್‌ಎಚ್‌ಎಂಗೆ 8 ಜಿಬಿ, /ರನ್‌ಗೆ ಸುಮಾರು 1.6 ಜಿಬಿ ಎಂದು ತೋರಿಸಬೇಕು; ಮೂರೂ ಟಿಎಂಪಿಎಫ್‌ಎಸ್‌ಗಳೇ. ಮೊದಲೆರಡಕ್ಕೆ ಮೆಮೊರಿಯ ಅರ್ಧದಷ್ಟು, ಮೂರನೆಯದಕ್ಕೆ ಹತ್ತನೇ ಒಂದು ಭಾಗ ಎಂಬುದು ಸಾಮಾನ್ಯ ಲೆಕ್ಕ. ಕೂಡಿದರೆ 17.6 ಜಿಬಿ, ಇರುವುದು 16. ಇದು ಸಾಧ್ಯವಾಗುವುದು ಇವೆಲ್ಲ ಬರೀ ಮೇಲ್ಮಿತಿಗಳಾಗಿರುವುದರಿಂದ. ನಿಮ್ಮ ಕಾರ್ಖಾನೆಯ ಕಟಾವು ಪರವಾನಗಿಯ ಹಾಗೆ: ಪರವಾನಗಿ ಕೊಟ್ಟ ಮಾತ್ರಕ್ಕೆ ಕಬ್ಬು ಯಾರ್ಡಿಗೆ ಬಂದು ಬೀಳುವುದಿಲ್ಲ, ಆದರೆ ಎಲ್ಲರಿಗೂ ಧಾರಾಳವಾಗಿ ಪರವಾನಗಿ ಹಂಚಿ ಎಲ್ಲರೂ ಒಂದೇ ದಿನ ಕಡಿದು ತಂದರೆ ಟ್ರ್ಯಾಕ್ಟರ್‌ಗಳ ಸಾಲು ಗೇಟಿನಿಂದ ಹೆದ್ದಾರಿಗೆ ತಲುಪುತ್ತದೆ. ಕಡತ ಬರೆದಾಗ ಮಾತ್ರ ಮೆಮೊರಿ ಖರ್ಚಾಗುತ್ತದೆ, ಅಳಿಸಿದಾಗ ವಾಪಸಾಗುತ್ತದೆ. ಖಾಲಿ ಬಿದ್ದಿರುವ ಟಿಎಂಪಿಎಫ್‌ಎಸ್‌ಗೆ ಎಷ್ಟೇ ದೊಡ್ಡ ಮಿತಿ ಕೊಟ್ಟರೂ ಖರ್ಚಿಲ್ಲ. ಅದು ತುಂಬಿದ ರಾತ್ರಿ ಬೇರೆ ಯಾರ ಪಾಲು ಕರಗುತ್ತದೆ ಎಂಬುದನ್ನು ನೋಡಬೇಕು.

ನಿಮ್ಮ ಡೇಟಾಬೇಸ್ ಸತ್ತದ್ದು ಇಲ್ಲಿಯೇ. ಪೋಸ್ಟ್‌ಗ್ರೆಸ್‌ಗೆ ಹಂಚಿಕೆಯ ಬಫರ್ 4 ಜಿಬಿ ಇಟ್ಟಿದ್ದೀರಿ ಎಂದುಕೊಳ್ಳೋಣ. ನಿಮ್ಮ ಗಾತ್ರದ ಯಂತ್ರಕ್ಕೆ ಸಾಮಾನ್ಯವಾಗಿ ಅಷ್ಟು ಇಡುತ್ತಾರೆ. ಬಿಲ್ ತಂತ್ರಾಂಶಕ್ಕೆ ಒಂದೆರಡು ಜಿಬಿ. ವರದಿಯ ವಿಂಗಡಣೆ ತನಗಾಗಿ ಮೆಮೊರಿಯಲ್ಲಿ ಇನ್ನೊಂದಿಷ್ಟು ಹಿಡಿಯುತ್ತದೆ, ಅದು ಸಾಲದಾದಾಗ ತುಂಡುತುಂಡಾಗಿ ವಿಂಗಡಿಸಿ ತಾತ್ಕಾಲಿಕ ಕಡತಗಳಿಗೆ ಬರೆಯುತ್ತದೆ, ಕೊನೆಗೆ ಎಲ್ಲವನ್ನೂ ಹೆಣೆಯುತ್ತದೆ. ಮೆಮೊರಿ ಸಾಲದೆ ಡಿಸ್ಕ್‌ಗೆ ಹೋಗುತ್ತಿದ್ದೇನೆ ಎಂದುಕೊಂಡ ಕಾರ್ಯಕ್ರಮವನ್ನು ನಾವು ಹಿಂಬಾಗಿಲಿನಿಂದ ಮತ್ತೆ ಅದೇ ಮೆಮೊರಿಗೆ ತಂದು ಬಿಟ್ಟಿದ್ದೇವೆ! ದತ್ತಾಂಶ ಎಷ್ಟು ದೊಡ್ಡದೋ ಹೆಚ್ಚುಕಡಿಮೆ ಅಷ್ಟೇ ದೊಡ್ಡ ತಾತ್ಕಾಲಿಕ ಕಡತಗಳು ಹುಟ್ಟುತ್ತವೆ. ಸಣ್ಣ ದತ್ತಾಂಶಕ್ಕೆ ನಡೆದದ್ದು, ದತ್ತಾಂಶ ಬೆಳೆದ ಮೇಲೆ ನಡೆಯುವುದಿಲ್ಲ.

ಈ ಹೊತ್ತಿನಲ್ಲಿ ಎರಡರಲ್ಲಿ ಒಂದು ಆಗುತ್ತದೆ. /ಟಿಎಂಪಿ ತನ್ನ 8 ಜಿಬಿ ಮಿತಿಗೆ ಮೊದಲು ತಾಗಿದರೆ ವರದಿ ‘ಜಾಗ ಉಳಿದಿಲ್ಲ’ ಎಂದು ನಿಲ್ಲುತ್ತದೆ. ಇದು ಒಳ್ಳೆಯ ಸೋಲು, ಏಕೆಂದರೆ ತಪ್ಪಿತಸ್ಥ ಕಾರ್ಯಕ್ರಮವೇ ಸೋತಿದೆ, ಉಳಿದವರು ಕ್ಷೇಮ. ಮಿತಿ ತಾಗುವ ಮೊದಲೇ ಯಂತ್ರದ ಒಟ್ಟು ಮೆಮೊರಿ ಮತ್ತು ಸ್ವಾಪ್ ಮುಗಿದರೆ ಕರ್ನಲ್ ಯಾರನ್ನಾದರೂ ಕೊಲ್ಲಲೇಬೇಕು. ಅದು ಪ್ರತಿ ಪ್ರಕ್ರಿಯೆ ಎಷ್ಟು ಮೆಮೊರಿ ಹಿಡಿದಿದೆ ಎಂದು ನೋಡಿ ಅಂಕ ಕೊಡುತ್ತದೆ. /ಟಿಎಂಪಿಯಲ್ಲಿ ಬಿದ್ದಿರುವ ಕಡತ ಯಾವ ಪ್ರಕ್ರಿಯೆಯ ಖಾತೆಗೂ ಸೇರುವುದಿಲ್ಲ. ಹಾಗಾಗಿ ಎಲ್ಲರಿಗಿಂತ ದಪ್ಪಗೆ ಕಾಣುವ ಡೇಟಾಬೇಸ್ ಬಲಿಯಾಗುತ್ತದೆ. ಅದನ್ನು ಕೊಂದರೂ /ಟಿಎಂಪಿಯ ಕಡತಗಳು ಅಲ್ಲೇ ಇರುತ್ತವೆ. ಪ್ರಕ್ರಿಯೆ ಸತ್ತರೆ ಕಡತ ಅಳಿಯುವುದಿಲ್ಲವಲ್ಲ. ಮಿತಿಯನ್ನು 12 ಜಿಬಿಗೆ ಏರಿಸಿದರೆ ಆಗುವುದಿಷ್ಟೇ: ಒಳ್ಳೆಯ ಸೋಲು ತಪ್ಪಿ ಪ್ರತಿ ಸಲವೂ ಈ ಕೆಟ್ಟ ಸೋಲೇ ಗತಿ. ಮಿತಿಯನ್ನೇ ತೆಗೆದುಬಿಡೋಣವೆಂದು ಸೈಜ್=0 ಎಂದು ಬರೆಯುವವರೂ ಇದ್ದಾರೆ. ಅದರ ಪರಿಣಾಮವನ್ನು ನೀವೇ ಊಹಿಸಬಹುದು.

ಅನುಮಾನವಿದ್ದರೆ ಆ ರಾತ್ರಿಯ ಕರ್ನಲ್ ಲಾಗ್ ತೆಗೆದು ನೋಡಿ. ‘ಔಟ್ ಆಫ್ ಮೆಮೊರಿ’ ಸಾಲಿನ ಮೇಲ್ಗಡೆಯ ಮೆಮೊರಿ ವಿವರದಲ್ಲಿ ‘ಎಸ್‌ಎಚ್‌ಮೆಮ್’ ಎಂಬ ಅಂಕಿ ಇರುತ್ತದೆ. ಅದು 4 ಕೆಬಿಯ ಪುಟಗಳ, ಅಂದರೆ ಮೆಮೊರಿಯ ತುಂಡುಗಳ, ಲೆಕ್ಕ. 18 ಲಕ್ಷದ ಆಸುಪಾಸಿನಲ್ಲಿದ್ದರೆ ಸುಮಾರು 7 ಜಿಬಿ ಎಂದರ್ಥ. ಯಂತ್ರ ಓಡುತ್ತಿರುವಾಗಲಾದರೆ ಫ್ರೀ ಆದೇಶದ ‘ಶೇರ್ಡ್’ ಕಾಲಮ್‌ನಲ್ಲಿ ಇದೇ ಮೊತ್ತ ಕಾಣುತ್ತದೆ. ಇಲ್ಲಿ ಒಂದು ಎಚ್ಚರಿಕೆ ಬೇಕು: ಪೋಸ್ಟ್‌ಗ್ರೆಸ್‌ನ ಹಂಚಿಕೆಯ ಬಫರ್ ಕೂಡ ಇದೇ ಕಾಲಮ್‌ಗೆ ಸೇರುತ್ತದೆ, ದೊಡ್ಡ ಪುಟಗಳನ್ನು ಬಳಸುತ್ತಿಲ್ಲದಿದ್ದರೆ. ಶೇರ್ಡ್ 4.5 ಜಿಬಿ ಇದ್ದು /ಟಿಎಂಪಿಯಲ್ಲಿ ಡಿಎಫ್ ಬರೀ 300 ಎಂಬಿ ತೋರಿಸಿದರೆ ಗಾಬರಿಯಾಗಬೇಡಿ, ಉಳಿದದ್ದು ಡೇಟಾಬೇಸಿನದು.

ಇನ್ನೊಂದು ಕಡೆಯೂ ಕಣ್ಣು ಮೋಸಹೋಗುತ್ತದೆ. ಫ್ರೀ ಆದೇಶದ ‘ಬಫ್/ಕ್ಯಾಶ್’ ಕಾಲಮ್‌ನಲ್ಲಿರುವುದೆಲ್ಲ ಬೇಕಾದಾಗ ಕರ್ನಲ್ ಬಿಟ್ಟುಕೊಡುವ ಮೆಮೊರಿ ಎಂದು ನಾವೆಲ್ಲ ಕಲಿತಿದ್ದೇವೆ. ಡಿಸ್ಕ್‌ನ ಕಡತಗಳ ಮಟ್ಟಿಗೆ ಅದು ನಿಜ; ಮೂಲ ಪ್ರತಿ ಡಿಸ್ಕ್‌ನಲ್ಲಿ ಇರುವುದರಿಂದ ಕ್ಯಾಶ್‌ನ ಪ್ರತಿಯನ್ನು ಎಸೆಯಬಹುದು. ಟಿಎಂಪಿಎಫ್‌ಎಸ್‌ನ ಪುಟಗಳೂ ಅದೇ ಕಾಲಮ್‌ನಲ್ಲಿ ಎಣಿಕೆಯಾಗುತ್ತವೆ, ಆದರೆ ಅವುಗಳಿಗೆ ಹಿಂದೆ ಮೂಲ ಪ್ರತಿ ಇಲ್ಲ. ಕರ್ನಲ್ ಅವನ್ನು ಸ್ವಾಪ್‌ಗೆ ತಳ್ಳಬಹುದು, ಎಸೆಯುವಂತಿಲ್ಲ. ನಂಬಬೇಕಾದದ್ದು ‘ಅವೈಲಬಲ್’ ಕಾಲಮ್ ಒಂದನ್ನೇ.

ಸ್ವಾಪ್ ಎಂದೊಡನೆ ಮೂಗು ಮುರಿಯುವವರು ಬಹಳ. ಟಿಎಂಪಿಎಫ್‌ಎಸ್ ಇರುವ ಯಂತ್ರದಲ್ಲಿ ಸ್ವಾಪ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಹಳೆಯ ಸೋದರ ರಾಮ್‌ಎಫ್‌ಎಸ್‌ಗೆ ಮಿತಿಯೂ ಇಲ್ಲ, ಸ್ವಾಪ್‌ಗೆ ಹೋಗುವ ದಾರಿಯೂ ಇಲ್ಲ. ಟಿಎಂಪಿಎಫ್‌ಎಸ್‌ನ ಹೆಚ್ಚುಗಾರಿಕೆಯೇ ಈ ಎರಡು. ಯಾರೋ ಬರೆದಿಟ್ಟು ಮರೆತ ಕಡತ ಹಂಗಾಮಿನುದ್ದಕ್ಕೂ ಅಮೂಲ್ಯ ಮೆಮೊರಿಯಲ್ಲಿ ಕೂರುವ ಬದಲು ಸ್ವಾಪ್‌ನಲ್ಲಿ ಬಿದ್ದಿರಲಿ. ಡಿಸ್ಕ್‌ನಲ್ಲಿ 400 ಜಿಬಿ ಇಟ್ಟುಕೊಂಡು 2 ಜಿಬಿ ಸ್ವಾಪ್ ಏಕೆ? 8 ಜಿಬಿಯ ಒಂದು ಸ್ವಾಪ್ ಕಡತ ಸೇರಿಸಿ. ಪಾಸ್‌ವರ್ಡ್, ಕೀಲಿಯಂಥ ಗುಟ್ಟಿನ ಕಡತಗಳನ್ನು ‘ಮೆಮೊರಿಯಲ್ಲಿವೆ, ಡಿಸ್ಕ್ ಮುಟ್ಟುವುದಿಲ್ಲ’ ಎಂದು ನಂಬಿ ಇಡುವವರು ಮಾತ್ರ ಈ ಸ್ವಾಪ್ ದಾರಿಯನ್ನು ನೆನಪಿಡಬೇಕು. ಅಂಥದ್ದಕ್ಕೆ ಬೇರೆ ಪುಟ್ಟ ಟಿಎಂಪಿಎಫ್‌ಎಸ್ ಮೌಂಟ್ ಮಾಡಿ (ಒಂದು ಡೈರೆಕ್ಟರಿಗೆ ಜೋಡಿಸಿ) ‘ನೋಸ್ವಾಪ್’ ಆಯ್ಕೆ ಕೊಡಬಹುದು. ಅದು 6.4ರಿಂದ ಮುಂದಿನ ಕರ್ನಲ್‌ಗಳಲ್ಲಿ ಲಭ್ಯ, ಡೆಬಿಯನ್ 13ರದು 6.12.

ಮಿತಿ ಇಳಿಸುವ ಕ್ರಮ ಹೀಗೆ. ಓಡುತ್ತಿರುವ ಯಂತ್ರದಲ್ಲೇ ಆಗುತ್ತದೆ, ಒಳಗಿನ ಕಡತಗಳಿಗೆ ಧಕ್ಕೆಯಿಲ್ಲ:

ಮೌಂಟ್ -ಓ ರಿಮೌಂಟ್,ಸೈಜ್=2ಜಿ /ಟಿಎಂಪಿ

ಈಗಾಗಲೇ 2 ಜಿಬಿಗಿಂತ ಹೆಚ್ಚು ತುಂಬಿದ್ದರೆ ಆದೇಶ ಒಪ್ಪುವುದಿಲ್ಲ, ಮೊದಲು ಖಾಲಿ ಮಾಡಬೇಕು. ಇದು ರೀಬೂಟ್‌ನವರೆಗೆ ಮಾತ್ರ. ಶಾಶ್ವತವಾಗಿಸಲು ‘ಸಿಸ್ಟಮ್‌ಸಿಟಿಎಲ್ ಎಡಿಟ್ ಟಿಎಂಪಿ.ಮೌಂಟ್’ ಕೊಟ್ಟು, ಮೌಂಟ್ ವಿಭಾಗದಡಿ ಆಪ್ಷನ್ಸ್ ಸಾಲಿನಲ್ಲಿ ‘ಮೋಡ್=1777,ನೋಸುಯಿಡ್,ನೋಡೆವ್,ಸೈಜ್=2ಜಿ’ ಎಂದು ಬರೆಯಿರಿ. ನಿಮ್ಮ ಸಾಲು ಹಳೆಯ ಸಾಲನ್ನು ಪೂರ್ತಿಯಾಗಿ ಬದಲಿಸುತ್ತದೆ, ಹಾಗಾಗಿ ಬರೀ ಸೈಜ್ ಬರೆದು ಬಿಟ್ಟರೆ ಭದ್ರತೆಯ ಆಯ್ಕೆಗಳು ಕೈಬಿಟ್ಟುಹೋಗುತ್ತವೆ. ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದರೂ ನಡೆಯುತ್ತದೆ. ಎರಡೂ ಕಡೆ ಬರೆದು ನಿಮ್ಮ ನಂತರ ಬರುವವರಿಗೆ ಒಗಟು ಬಿಟ್ಟುಹೋಗಬೇಡಿ. ಕೆಲವರು ಇದಕ್ಕೆ ‘ನೋಎಕ್ಸೆಕ್’ (ಅಲ್ಲಿಂದ ಕಾರ್ಯಕ್ರಮ ಓಡಿಸಲು ಬಿಡದ ಆಯ್ಕೆ) ಕೂಡ ಸೇರಿಸುತ್ತಾರೆ. ಪ್ಯಾಕೇಜ್ ಅಳವಡಿಕೆಯ ವೇಳೆ ಡೆಬಿಯನ್ ತನ್ನ ಕೆಲವು ಸ್ಕ್ರಿಪ್ಟ್‌ಗಳನ್ನು /ಟಿಎಂಪಿಯಿಂದ ಓಡಿಸಲು ನೋಡುವುದರಿಂದ ಅದು ಕಿರಿಕಿರಿ ಕೊಡುತ್ತದೆ, ನಾನು ಹಾಕುವುದಿಲ್ಲ.

ಪೂರ್ತಿ ತೆಗೆದುಹಾಕುವ ದಾರಿಯೂ ಇದೆ: ‘ಸಿಸ್ಟಮ್‌ಸಿಟಿಎಲ್ ಮಾಸ್ಕ್ ಟಿಎಂಪಿ.ಮೌಂಟ್’ ಕೊಟ್ಟು ರೀಬೂಟ್ ಮಾಡಿದರೆ ಹಳೆಯ ಸ್ಥಿತಿಗೆ ಮರಳುತ್ತೀರಿ. ಹಾಗೆ ಮಾಡಬೇಡಿ ಎನ್ನಲು ನನ್ನ ಕಾರಣ ವೇಗವಲ್ಲ. ಡಿಸ್ಕ್‌ಗೆ ಬರೆದ ಕಡತವೂ ಮೊದಲು ಮೆಮೊರಿಯ ಕ್ಯಾಶ್‌ನಲ್ಲೇ ಇರುತ್ತದೆ, ಸಾಮಾನ್ಯವಾಗಿ ಅರ್ಧ ನಿಮಿಷದಷ್ಟು ಹಳತಾದ ಮೇಲೆ ಡಿಸ್ಕ್‌ಗೆ ಇಳಿಯುತ್ತದೆ. ಅಷ್ಟರೊಳಗೆ ಹುಟ್ಟಿ ಸಾಯುವ ಕಡತಕ್ಕೆ ಎರಡೂ ಒಂದೇ. ಟಿಎಂಪಿಎಫ್‌ಎಸ್‌ನ ಮೇಲೆ ಎಫ್‌ಸಿಂಕ್ ಕರೆಗೆ (ಬರೆದದ್ದನ್ನು ಕೂಡಲೇ ಡಿಸ್ಕ್‌ಗೆ ಇಳಿಸುವ ಕರೆ) ಮಾಡಲು ಏನೂ ಕೆಲಸವಿಲ್ಲ, ಆದ್ದರಿಂದ ಅಲ್ಲಿ ನಡೆಸಿದ ವೇಗದ ಪರೀಕ್ಷೆಯ ಅಂಕಿಗಳು ಹಬ್ಬದಂತೆ ಕಾಣುತ್ತವೆ. ಅವನ್ನು ತೋರಿಸಿ ಡೇಟಾಬೇಸನ್ನು ಮೆಮೊರಿಗೆ ಸಾಗಿಸೋಣ ಎನ್ನುವವರ ಮಾತು ಕೇಳಬೇಡಿ. ಪೋಸ್ಟ್‌ಗ್ರೆಸ್‌ನ ಒಂದು ಟೇಬಲ್‌ಸ್ಪೇಸನ್ನು ಮೆಮೊರಿ ಡಿಸ್ಕ್‌ನಲ್ಲಿಟ್ಟರೂ ಇಡೀ ಡೇಟಾಬೇಸ್ ಸಮೂಹದ ವಿಶ್ವಾಸಾರ್ಹತೆ ಹೋಗುತ್ತದೆಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಟಿಎಂಪಿಎಫ್‌ಎಸ್ ಇರಲಿ ಎನ್ನುವುದಕ್ಕೆ ನನ್ನ ಕಾರಣ ಗೋಡೆ. ಮೂಲ ಡಿಸ್ಕ್‌ನ ಮೇಲೆಯೇ /ಟಿಎಂಪಿ ಇದ್ದರೆ, ಹುಚ್ಚೆದ್ದ ಒಂದು ಸ್ಕ್ರಿಪ್ಟ್ 400 ಜಿಬಿಯನ್ನೂ ತುಂಬಿ ಡೇಟಾಬೇಸ್ ಬರೆಯಲಾಗದಂತೆ ಮಾಡಬಹುದು. 2 ಜಿಬಿಯ ಗೋಡೆಯೊಳಗೆ ಅದು ಎಷ್ಟು ಕುಣಿದರೂ ಅಲ್ಲಿಗೇ ಮುಗಿಯುತ್ತದೆ.

ಕಳೆದುಹೋದ ತೂಕದ ಕಡತಗಳ ವಿಷಯದಲ್ಲಿ ನಿಮ್ಮ ತಂತ್ರಾಂಶ ಬರೆದವರನ್ನು ಸ್ವಲ್ಪ ಬೈಯಲೇಬೇಕು. ಡಿಸ್ಕ್‌ನಲ್ಲಿ /ಟಿಎಂಪಿ ಇದ್ದ ಕಾಲದಲ್ಲೂ ಅಲ್ಲಿಟ್ಟದ್ದು ಉಳಿಯುತ್ತದೆಂಬ ಭರವಸೆಯನ್ನು ಯೂನಿಕ್ಸ್ ಎಂದೂ ಕೊಟ್ಟಿಲ್ಲ. ಕಡತ ವ್ಯವಸ್ಥೆಯ ಶ್ರೇಣಿ ಮಾನದಂಡದ ಪ್ರಕಾರ ರೀಬೂಟ್ ನಂತರವೂ ಉಳಿಯಬೇಕಾದ ತಾತ್ಕಾಲಿಕ ಕಡತಗಳ ಜಾಗ /ವಾರ್/ಟಿಎಂಪಿ. ತೂಕದ ಚೀಟಿ ತಾತ್ಕಾಲಿಕವೂ ಅಲ್ಲ, ಅದು ರೈತನ ದುಡ್ಡು. ಅದಕ್ಕೆ /ವಾರ್/ಸ್ಪೂಲ್‌ನ ಅಡಿಯಲ್ಲಿ ನಿಮ್ಮದೇ ಡೈರೆಕ್ಟರಿ ಇರಲಿ. ಏರಿಸುವ ಮೊದಲು ಹಳೆಯ /ಟಿಎಂಪಿಯಲ್ಲಿ ಉಳಿದಿದ್ದ ಕಡತಗಳು ಮಾತ್ರ ಹೋಗಿಲ್ಲ, ಹೊಸ ಮೌಂಟ್‌ನ ಕೆಳಗೆ ಮುಚ್ಚಿಹೋಗಿವೆ. ‘ಮೌಂಟ್ --ಬೈಂಡ್ / /ಎಂಎನ್‌ಟಿ’ ಕೊಟ್ಟು /ಎಂಎನ್‌ಟಿ/ಟಿಎಂಪಿಯೊಳಗೆ ನೋಡಿ, ಅಲ್ಲಿ ಸಿಗುತ್ತವೆ. ಕರೆಂಟ್ ಹೋದ ದಿನದವು ಮೆಮೊರಿಯಲ್ಲಿದ್ದವು, ಅವು ಸಿಗುವುದಿಲ್ಲ. ಮುದ್ರಿತ ಚೀಟಿಗಳ ಪ್ರತಿ ಗೇಟಿನಲ್ಲಿದ್ದರೆ ಅವುಗಳಿಂದಲೇ ಮತ್ತೆ ದಾಖಲಿಸಬೇಕು.

ಚೀಟಿಗಳ ಜಾಗ ಬದಲಿಸುವಾಗ ನೀವು ಕೇಳದ ಒಂದು ತೊಂದರೆಯನ್ನೂ ಪರಿಶೀಲಿಸಿ. ಕಡತವನ್ನು ಮೊದಲು /ಟಿಎಂಪಿಯಲ್ಲಿ ಬರೆದು, ಪೂರ್ಣವಾದ ಮೇಲೆ ನಿಗದಿತ ಜಾಗಕ್ಕೆ ಮರುಹೆಸರಿಸುವುದು ಹಳೆಯ, ಒಳ್ಳೆಯ ಅಭ್ಯಾಸ. ಎರಡೂ ಒಂದೇ ಕಡತ ವ್ಯವಸ್ಥೆಯಲ್ಲಿದ್ದಾಗ ಮರುಹೆಸರು ಒಂದೇ ಏಟಿಗೆ ಆಗುತ್ತದೆ, ಓದುವವರಿಗೆ ಅರೆಬರೆ ಕಡತ ಕಾಣುವುದಿಲ್ಲ. ಈಗ /ಟಿಎಂಪಿ ಬೇರೆ ಕಡತ ವ್ಯವಸ್ಥೆ. ನೇರ ರೀನೇಮ್ ಕರೆ ‘ಕ್ರಾಸ್-ಡಿವೈಸ್ ಲಿಂಕ್’ ಎಂದು ತಿರಸ್ಕೃತವಾಗುತ್ತದೆ. ಎಂವಿ ಆದೇಶ ಬಳಸಿದ್ದರೆ ಇನ್ನೂ ಅಪಾಯ. ದೂರು ಹೇಳದೆ ಸದ್ದಿಲ್ಲದೆ ನಕಲು ಮಾಡಿ ಮೂಲವನ್ನು ಅಳಿಸುತ್ತದೆ, ನಕಲು ನಡೆಯುತ್ತಿರುವಾಗ ಬಿಲ್ ತಂತ್ರಾಂಶ ಅರ್ಧ ಕಡತವನ್ನು ಓದಿ ಮುಗಿಸಿರುತ್ತದೆ. ರೈತರ ಬಿಲ್‌ನಲ್ಲಿ ಒಂದೆರಡು ಟ್ರಿಪ್ ಕಾಣೆಯಾದ ದೂರು ಈ ಹಂಗಾಮಿನಲ್ಲಿ ಬಂದಿದ್ದರೆ ಮೊದಲು ಇಲ್ಲಿ ಹುಡುಕಿ. ತಾತ್ಕಾಲಿಕ ಹೆಸರಿನ ಕಡತವನ್ನು ಗುರಿಯ ಡೈರೆಕ್ಟರಿಯ ಪಕ್ಕದಲ್ಲೇ ಹುಟ್ಟಿಸಿದರೆ ಸಮಸ್ಯೆ ಮುಗಿಯಿತು.

ಸಣ್ಣ ಕಡತಗಳೂ ಮೆಮೊರಿಯಲ್ಲಿ ಅಷ್ಟು ಸಣ್ಣವಲ್ಲ. 300 ಬೈಟ್‌ನ ಚೀಟಿ ಇಡೀ 4 ಕೆಬಿ ಪುಟವೊಂದನ್ನು ಹಿಡಿಯುತ್ತದೆ. ಒಂದು ಲಕ್ಷ ಚೀಟಿ ಸೇರಿದರೆ ಸುಮಾರು 400 ಎಂಬಿ. ಕಡತಗಳ ಸಂಖ್ಯೆಗೂ ಬೇರೆಯೇ ಮಿತಿ ಇದೆ. ಜಾಗವಿದ್ದೂ ‘ಜಾಗವಿಲ್ಲ’ ಎಂದರೆ ಡಿಎಫ್‌ಗೆ ‘-ಐ’ ಸೇರಿಸಿ ಐನೋಡ್‌ಗಳನ್ನು (ಕಡತಕ್ಕೊಂದರಂತೆ ಬೇಕಾಗುವ ದಾಖಲೆಗಳನ್ನು) ನೋಡಿ. ಇನ್ನು ಡಿಎಫ್ ತುಂಬಿದೆ ಎನ್ನುತ್ತದೆ, ಡಿಯು ಓಡಿಸಿದರೆ ಏನೂ ಕಾಣುವುದಿಲ್ಲ ಎಂಬ ಸ್ಥಿತಿ ಬಂದರೆ, ಅಳಿಸಿದ ಕಡತವನ್ನು ಯಾವುದೋ ಪ್ರಕ್ರಿಯೆ ತೆರೆದಿಟ್ಟುಕೊಂಡಿದೆ ಎಂದು ತಿಳಿಯಿರಿ. ‘ಎಲ್‌ಎಸ್‌ಒಎಫ್ +ಎಲ್1’ ಆ ಪ್ರಕ್ರಿಯೆಯ ಹೆಸರು ಹೇಳುತ್ತದೆ, ಅದನ್ನು ಮರುಪ್ರಾರಂಭಿಸಿದರೆ ಮೆಮೊರಿ ಬಿಡುಗಡೆಯಾಗುತ್ತದೆ.

ಕಸ ಗುಡಿಸುವ ಬಗ್ಗೆ: ಡೆಬಿಯನ್ 13ನ್ನು ಹೊಸದಾಗಿ ಸ್ಥಾಪಿಸಿದವರಿಗೆ /ಟಿಎಂಪಿಯಲ್ಲಿ 10 ದಿನ, /ವಾರ್/ಟಿಎಂಪಿಯಲ್ಲಿ 30 ದಿನ ಮುಟ್ಟದೆ ಬಿದ್ದ ಕಡತಗಳು ತಾವಾಗಿ ಅಳಿಯುತ್ತವೆ. 12ರಿಂದ ಏರಿಸಿದವರಿಗೆ ಹಳೆಯ ನಡವಳಿಕೆಯನ್ನೇ ಉಳಿಸಿದ್ದಾರೆ, ಅಂದರೆ ನಿಮ್ಮಲ್ಲಿ ಯಾರೂ ಗುಡಿಸುತ್ತಿಲ್ಲ. ಹಂಗಾಮಿನಲ್ಲಿ ತಿಂಗಳುಗಟ್ಟಲೆ ರೀಬೂಟ್ ಕಾಣದ ಸರ್ವರ್‌ನಲ್ಲಿ ಕಸ ಮೆಮೊರಿಯಲ್ಲೇ ಗುಡ್ಡೆಯಾಗುತ್ತದೆ. /ಇಟಿಸಿ/ಟಿಎಂಪಿಫೈಲ್ಸ್.ಡಿ ಒಳಗಿನ ಟಿಎಂಪಿ.ಕಾನ್ಫ್ ಕಡತದಲ್ಲಿ ವಯಸ್ಸಿನ ಕಾಲಮ್‌ಗೆ /ಟಿಎಂಪಿಗೆ 10 ದಿನ ಎಂದು ಬರೆಯಿರಿ. /ವಾರ್/ಟಿಎಂಪಿಯಲ್ಲಿ ನಿಮ್ಮ ಬಿಲ್ ಡೈರೆಕ್ಟರಿ ಇರುವುದರಿಂದ ಅಲ್ಲಿ 30 ದಿನಕ್ಕೆ ಕಡಿಮೆ ಮಾಡಬೇಡಿ. ವರದಿಯ ಸ್ಕ್ರಿಪ್ಟ್ ತನ್ನ ಕಸವನ್ನು ತಾನೇ, ಸೋತು ನಿಂತಾಗಲೂ, ಅಳಿಸುವಂತೆ ಬರೆಯುವುದು ಇನ್ನೂ ವಾಸಿ.

/ಡೆವ್/ಎಸ್‌ಎಚ್‌ಎಂಗೆ ಕೈ ಹಾಕಬೇಡಿ. ಪೋಸ್ಟ್‌ಗ್ರೆಸ್ ಒಂದು ಪ್ರಶ್ನೆಯನ್ನು ಹಲವು ಪ್ರಕ್ರಿಯೆಗಳಲ್ಲಿ ಹಂಚಿ ಓಡಿಸುವಾಗ ಅಲ್ಲಿಯೇ ಮೆಮೊರಿ ಕೇಳುತ್ತದೆ, ಮಿತಿ ಇಳಿಸಿದರೆ ವರದಿಗಳು ಅಲ್ಲೂ ನಿಲ್ಲಬಹುದು. ಮುಂದೆ ಎಂದಾದರೂ ಡೇಟಾಬೇಸನ್ನು ಡಾಕರ್ ಕಂಟೇನರ್‌ಗೆ ಸಾಗಿಸಿದರೆ ಅಲ್ಲಿ ಈ ಜಾಗ ಪೂರ್ವನಿಯೋಜಿತವಾಗಿ ಬರೀ 64 ಎಂಬಿ ಇರುತ್ತದೆ. ಕಂಟೇನರ್ ಶುರು ಮಾಡುವಾಗಲೇ ‘--ಎಸ್‌ಎಚ್‌ಎಂ-ಸೈಜ್’ ಆಯ್ಕೆಯಿಂದ ಅದನ್ನು 1 ಜಿಬಿಗಾದರೂ ಏರಿಸಿಕೊಳ್ಳಿ.